ಕಾಸಿಗೆ ಕಾಚಂಪುಳಿ ಹಚ್ಚಬೇಡಿ

ತಾಮ್ರದ ಚೊಂಬು ಬೆಳಗಲು ಹುಣಸೆಹುಳಿ, ಉಪ್ಪು ಸರಿ. ಹಳೆಯ ತಾಮ್ರದ ಕಾಸಿಗೆ ಅವೆರಡೂ ಶತ್ರು. ಕೊಡಗಿನ ನಾಪೋಕ್ಲು ಸೀಮೆಯಲ್ಲಾದರೆ ಕಾಚಂಪುಳಿಯನ್ನೂ ಸೇರಿಸಬೇಕು. ಹಂದಿಮಾಂಸದ ಪಂದಿಕರಿಗೆ ರುಚಿ ಕೊಡುವ ಆ ಕಪ್ಪು ರಸ ತೀಕ್ಷ್ಣವಾದ ಆಮ್ಲವೇ. ಹಚ್ಚಿ ತಿಕ್ಕಿದರೆ ಕಾಸು ಕ್ಷಣದಲ್ಲಿ ಕೆಂಪಗೆ ಹೊಳೆಯುತ್ತದೆ.

ಹಾಗೆ ಕರಗಿ ಹೋದದ್ದು ಬರೀ ಕೊಳೆಯಲ್ಲ. ತಾಮ್ರವು ಗಾಳಿಯ ಆಮ್ಲಜನಕದೊಡನೆ ಸೇರಿ ಎಷ್ಟೋ ದಶಕಗಳಲ್ಲಿ ಕಟ್ಟಿಕೊಂಡ ಕಂದು ಆಕ್ಸೈಡಿನ ಪದರವೂ ಹೋಯಿತು. ಒಳಗಿನ ಲೋಹವನ್ನು ಕಾಯುತ್ತಿದ್ದದ್ದು ಅದೇ, ಕಾಸಿನ ಚಿತ್ರವನ್ನು ಎತ್ತಿ ತೋರಿಸುತ್ತಿದ್ದದ್ದೂ ಅದೇ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮರುವರ್ಷದ ಇಸವಿ ಹೊತ್ತ ಕಂಪನಿ ಕಾಲಾಣೆಯನ್ನು ಓರೆಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸುಮಾರು 6.5 ಗ್ರಾಂ ತೂಕದ ಆ ಬಿಲ್ಲೆಯ ಮೇಲೆ ಬಾವುಟ ಹಿಡಿದು ನಿಂತ ಎರಡು ಸಿಂಹಗಳು ಎದ್ದು ಕಾಣುವುದು ಉಬ್ಬಿನ ಕಂದು, ತಗ್ಗಿನ ಕಪ್ಪು ಬೇರೆಬೇರೆಯಾಗಿರುವುದರಿಂದ. ತಿಕ್ಕಿದ ಕಾಸಿನಲ್ಲಿ ಆ ಚಿತ್ರ ಚಪ್ಪಟೆಯಾಗುತ್ತದೆ.

ಉಪ್ಪಿನ ಕೆಡುಕು ಇನ್ನೂ ದೊಡ್ಡದು. ಅದರ ಕ್ಲೋರೈಡ್ ಕಾಸಿನ ಸಣ್ಣ ಕುಳಿಗಳಲ್ಲಿ ಉಳಿದು, ತಾಮ್ರದೊಡನೆ ಕೂಡಿ ಕ್ಯುಪ್ರಸ್ ಕ್ಲೋರೈಡ್ ಆಗುತ್ತದೆ. ತೇವ, ಗಾಳಿ ತಾಕಿದೊಡನೆ ಅದು ತಿಳಿಹಸಿರು ಪುಡಿಯಾಗಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಆ ಆಮ್ಲ ಒಳಗಿನ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಪುನಃ ಪುಡಿ, ಪುನಃ ಆಮ್ಲ. ಸಂರಕ್ಷಣಾ ತಜ್ಞರು ಇದನ್ನು ಕಂಚಿನ ರೋಗ ಎನ್ನುತ್ತಾರೆ, ತಾಮ್ರಕ್ಕೂ ಬರುತ್ತದೆ. ಸುತ್ತಲಿನ ಗಾಳಿಯ ತೇವ ಶೇ 40ಕ್ಕಿಂತ ಕೆಳಗಿದ್ದರೆ ಈ ಚಕ್ರ ನಿಲ್ಲುತ್ತದೆ. ಆಟಿ ತಿಂಗಳ ಜಡಿಮಳೆಯಲ್ಲಿ ಕೊಡಗಿನ ಯಾವ ಕಪಾಟಿನಲ್ಲೂ ಅಷ್ಟು ಒಣಗಾಳಿ ತಾನಾಗಿ ಇರುವುದಿಲ್ಲ.

ಎಲ್ಲ ಕಿಲುಬೂ ರೋಗವಲ್ಲ. ನಯವಾಗಿ, ಗಟ್ಟಿಯಾಗಿ ಕೂತ ಕಡುಹಸಿರನ್ನು ಮುಟ್ಟಬೇಡಿ. ಬಿದಿರುಕಡ್ಡಿಯ ತುದಿಗೆ ಮಸುಕು ಹಸಿರು ಪುಡಿ ಉದುರಿ ಬಂದರೆ ಆ ಕಾಸನ್ನು ಉಳಿದವುಗಳಿಂದ ಬೇರೆಯಿಡಿ. ಕಡ್ಡಿಯಿಂದಲೇ ಪುಡಿ ಕೆರೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ, ನೀರು ಬದಲಿಸುತ್ತ ಕೆಲವು ದಿನ ನೆನೆಸಿ. ಹತ್ತಿಬಟ್ಟೆಯಿಂದ ಒತ್ತಿ ತೆಗೆದು, ಟೇಬಲ್ ಲ್ಯಾಂಪಿನ ಬಿಸಿಗೆ ಪೂರ್ತಿ ಒಣಗಿಸಿ. ಹಸಿರು ಮರಳಿದರೆ ಅದು ತಜ್ಞರ ಕೆಲಸ; ಅವರು ಬಳಸುವ ಬೆಂಜೋಟ್ರಯಜೋಲ್ ವಿಷಕಾರಿ, ಮನೆಗೆ ತರಬೇಡಿ. ರೋಗವಿಲ್ಲದ ಕಾಸಿಗೆ ಮೆದು ಬ್ರಷ್ಷಿನಿಂದ ಧೂಳು ಕೊಡವಿದರೆ ಸಾಕು. ಕೊಬ್ಬರಿ ಎಣ್ಣೆ ಸವರಬೇಡಿ, ಅದರ ಕೊಬ್ಬಿನಾಮ್ಲಗಳೂ ತಾಮ್ರವನ್ನು ಹಸಿರಾಗಿಸುತ್ತವೆ.

ಕಾಸನ್ನು ಅಂಚಿನಲ್ಲಿ ಹಿಡಿಯಿರಿ, ಬೆವರಿನಲ್ಲೂ ಉಪ್ಪಿದೆ. ಪಿವಿಸಿ ಲಕೋಟೆ ಹಳತಾದಂತೆ ಆಮ್ಲ ಬಿಡುತ್ತದೆ. ಮರದ ಪೆಟ್ಟಿಗೆಯದೂ ಅದೇ ಕಥೆ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ನಮ್ಮ ಹವೆಗೆ ಒಳ್ಳೆಯದು. ಮಳೆಗಾಲದಲ್ಲಿ ಪೊಟ್ಟಣ ಆಗಾಗ ಬದಲಿಸಬೇಕು.

ಕಾಫಿ ಗಿಡಕ್ಕೆ ಗುಂಡಿ ತೋಡುವಾಗ ಸಿಕ್ಕ ಕಾಸಿನ ವಿಷಯ ಬೇರೆ. ಮಣ್ಣಿನಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ತೊಳೆಯಲೇಬೇಡಿ. ಅಂಟಿದ ಮಣ್ಣಿನ ಸಮೇತ ಕಾಗದದಲ್ಲಿ ಸುತ್ತಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತೆಂದು ಬರೆದಿಡಿ.