ಮೂರ್ಛೆಯ ಹಿಂದಿತ್ತು ಅವರೆಕಾಳಿನಷ್ಟು ಗಡ್ಡೆ

ನಮ್ಮ ಪಕ್ಕದ ಮನೆಯ ಲ್ಯಾಬ್ರಡಾರ್ ನಾಯಿ ರಾಜನಿಗೆ ಆಗ ಒಂಬತ್ತು ವರ್ಷ. ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವನೇ ಹಿಂಗಾಲು ಕುಸಿದು ಬಿದ್ದು, ನಾಲ್ಕೂ ಕಾಲು ಸೆಟೆದು ಒದ್ದಾಡಿದ. "ಡಾಕ್ಟ್ರೇ, ಸ್ವಲ್ಪ ಬಂದು ನೋಡಿ" ಎಂದು ಮನೆಯವರು ಕರೆದರು. ನಾನು ಮನುಷ್ಯರ ವೈದ್ಯ. ಆದರೂ ಸುಮ್ಮನಿರಲಾರದೆ "ಫಿಟ್ಸ್ ಇರಬೇಕು" ಎಂದುಬಿಟ್ಟೆ. ಎರಡು ವಾರದಲ್ಲಿ ಮತ್ತೆ ಹಾಗೇ ಆಯಿತು.

ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಇದು ಯಾವ ಹೊತ್ತಿನಲ್ಲಿ ಆಗುತ್ತೆ?" ಎರಡು ಸಲವೂ ಖಾಲಿಹೊಟ್ಟೆಯಲ್ಲಿ, ಓಡಾಡಿದ ಮೇಲೆ. ಊಟ ಹಾಕಿದರೆ ಅರ್ಧ ಗಂಟೆಯಲ್ಲಿ ಏನೂ ಆಗಿಲ್ಲವೆಂಬಂತೆ ಬಾಲ ಅಲ್ಲಾಡಿಸುತ್ತಿದ್ದ. ಕೂಡಲೇ ರಕ್ತ ತೆಗೆದರು. ಸಕ್ಕರೆ 38 ಮಿಲಿಗ್ರಾಂ! ನಾಯಿಗೆ ಸುಮಾರು 70ರಿಂದ 110 ಇರಬೇಕು. ಸಕ್ಕರೆ ಇಷ್ಟು ಇಳಿದಾಗ ಇನ್ಸುಲಿನ್ ಸ್ರವಿಸುವುದು ಬಹುಮಟ್ಟಿಗೆ ನಿಲ್ಲಬೇಕು. ಅದೇ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿಯೇ ಇತ್ತು. ಅಂದರೆ ಮೇದೋಜೀರಕ ಗ್ರಂಥಿಯಲ್ಲಿ ಅಂಕೆಯಿಲ್ಲದೆ ಇನ್ಸುಲಿನ್ ತಯಾರಿಸುವ ಗಡ್ಡೆ, ಇನ್ಸುಲಿನೋಮ. ಸಕ್ಕರೆಯಿಲ್ಲದೆ ಮೆದುಳು ಸೊರಗಿದ್ದರಿಂದ ಮೂರ್ಛೆ ಬರುತ್ತಿತ್ತು.

ಅಲ್ಟ್ರಾಸೌಂಡ್‌ನಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಚಿಕ್ಕ ಗಡ್ಡೆಗಳು ಅದಕ್ಕೆ ಸಿಗದಿರುವುದು ಸಾಮಾನ್ಯ. ಈ ರೋಗ ಮನುಷ್ಯರಲ್ಲೂ ಉಂಟು. ಆದರೆ ನಮ್ಮಲ್ಲಿ ಬಹುಪಾಲು ನಿರಪಾಯಕಾರಿ, ತೆಗೆದರೆ ಗುಣವಾಗುತ್ತದೆ. ಟೊರಾಂಟೊದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಕಂಡುಹಿಡಿದರಲ್ಲ, ಅದೇ ಊರಿನಲ್ಲಿ 1929ರಲ್ಲಿ ರಾಸ್ಕೊ ಗ್ರಹಾಂ ಎಂಬ ಶಸ್ತ್ರವೈದ್ಯರು ರೋಗಿಯೊಬ್ಬರಿಂದ ಇಂಥ ಗಡ್ಡೆಯನ್ನು ಯಶಸ್ವಿಯಾಗಿ ತೆಗೆದರು. ನಾಯಿಗಳ ಅದೃಷ್ಟ ಅಷ್ಟಿಲ್ಲ. ಅವುಗಳಲ್ಲಿ ಇದು ಹೆಚ್ಚಾಗಿ ಕ್ಯಾನ್ಸರ್.

"ಪೂರ್ತಿ ವಾಸಿಯಾಗದಿದ್ದರೆ ಕೊಯ್ಯುವುದೇಕೆ?" ಎಂದರು ಮನೆಯ ಅಜ್ಜ. ಪಶುವೈದ್ಯರು ಮುಚ್ಚುಮರೆ ಮಾಡಲಿಲ್ಲ. ಸಿಕ್ಕರೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಬರೀ ಮಾತ್ರೆಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಎಂದರು. ಮನೆಯವರು ಒಪ್ಪಿದರು. ಗ್ಲೂಕೋಸ್ ಡ್ರಿಪ್ ಹಾಕಿ, ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದರು. ಬೆರಳಿಗೆ ಸಿಕ್ಕಿದ್ದು ಅವರೆಕಾಳಿನಷ್ಟು ಗಂಟು! ಗ್ರಂಥಿಯ ಆ ಭಾಗವನ್ನಷ್ಟೇ ಕತ್ತರಿಸಿ, ಯಕೃತ್ತು ಮತ್ತು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದರು. ಹರಡಿದ್ದು ಕಣ್ಣಿಗೆ ಕಾಣಲಿಲ್ಲ. ಮೇದೋಜೀರಕ ಗ್ರಂಥಿ ಬಲು ಸೂಕ್ಷ್ಮ, ಒರಟಾಗಿ ಮುಟ್ಟಿದರೂ ಊದಿಕೊಳ್ಳುತ್ತದೆ. ಹಾಗಾಗಿ ಐದು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು.

ನಾಯಿ ಸಾಕಿದವರು ಗಮನಿಸಿ. ಮೂರ್ಛೆ ಬಂದರೆ ಹೊತ್ತನ್ನೂ ಕೊನೆಯ ಊಟವನ್ನೂ ಬರೆದಿಡಿ. ಸಕ್ಕರೆ ಇಳಿಯುವ ರೋಗವೆಂದು ಗೊತ್ತಿದ್ದರೆ ಜೇನುತುಪ್ಪವನ್ನು ಒಸಡಿಗೆ ಸವರಿ, ಎಚ್ಚರವಾದ ಮೇಲೆ ಸ್ವಲ್ಪ ಆಹಾರ ಕೊಡಿ. ಒದ್ದಾಡುವಾಗ ಬಾಯಿಗೆ ಕೈ ಹಾಕಬೇಡಿ. ಸಿಹಿಯನ್ನೇ ಮತ್ತೆ ಮತ್ತೆ ತಿನ್ನಿಸಿದರೆ ಗಡ್ಡೆ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಕ್ಸೈಲಿಟಾಲ್ ಇರುವ ಶುಗರ್‌ಲೆಸ್ ಚೂಯಿಂಗ್ ಗಮ್ ತಿಂದರೆ ಆರೋಗ್ಯವಂತ ನಾಯಿಗೂ ಸಕ್ಕರೆ ಕುಸಿಯುತ್ತದೆ, ಎಟುಕದಂತೆ ಇಡಿ.

ರಾಜನ ಶಸ್ತ್ರಕ್ರಿಯೆಯಾಗಿ ಹದಿನಾಲ್ಕು ತಿಂಗಳಾಯಿತು. ಕಳೆದ ತಿಂಗಳು ಸಕ್ಕರೆ ಮತ್ತೆ 58ಕ್ಕೆ ಇಳಿದಿತ್ತು. ಪ್ರೆಡ್ನಿಸೊಲೋನ್ ಮಾತ್ರೆ ಶುರುವಾಗಿದೆ. ದಿನಕ್ಕೆ ನಾಲ್ಕು ಊಟ. ನಾಲ್ಕನೆಯದನ್ನು ರಾತ್ರಿ ಹನ್ನೊಂದಕ್ಕೆ ಎದ್ದು ಹಾಕುವವರು ಆ ಅಜ್ಜನೇ.