ಎಂಟು ಫೋಟೋ, ಒಂದೇ ಅಳತೆ

ರಾಜ್ಯೋತ್ಸವಕ್ಕೆ ನಮ್ಮ ತರಗತಿಯಿಂದ ಕಂಪ್ಯೂಟರಿನಲ್ಲಿ ಸ್ಲೈಡ್ ಮಾಡ್ತಾ ಇದ್ದೇವೆ. ಜ್ಞಾನಪೀಠ ಪಡೆದ ಎಂಟು ಕನ್ನಡ ಸಾಹಿತಿಗಳ ಫೋಟೋ ಒಂದೇ ಸ್ಲೈಡಿನಲ್ಲಿ ಬರಬೇಕು. 1967ರ ಕುವೆಂಪು ಅವರದು ದೊಡ್ಡದು, 1973ರ ಬೇಂದ್ರೆಯವರದು ಸಣ್ಣದು ಆದರೆ ನೋಡುವವರು ಏನಂದುಕೊಳ್ಳುತ್ತಾರೆ? ಒಬ್ಬರು ಹೆಚ್ಚು, ಒಬ್ಬರು ಕಡಿಮೆ ಅಂತ ತಾನೇ? ಅದಕ್ಕೇ ಅಳತೆ ಒಂದೇ ಇರಬೇಕು.

ಪವರ್‌ಪಾಯಿಂಟಿನ 16:9 ಸ್ಲೈಡ್ 13.33 ಇಂಚು ಅಗಲ, 7.5 ಇಂಚು ಎತ್ತರ ಇರುತ್ತದೆ. ಸಾಲಿಗೆ ನಾಲ್ಕರಂತೆ ಎರಡು ಸಾಲು ಮಾಡೋಣ. ಪ್ರತಿ ಫೋಟೋ 2.4 ಇಂಚು ಅಗಲ, 3 ಇಂಚು ಎತ್ತರ. ಎರಡು ಸಾಲಿಗೆ 6 ಇಂಚು ಹೋಗಿ 1.5 ಇಂಚು ಉಳಿಯುತ್ತದೆ. ಹೆಸರು ಬರೆಯಲು ಅಷ್ಟು ಸಾಕು.

ಫೋಟೋದ ಬದಿ ಹಿಡಿದು ಎಳೆಯಬಾರದು, ಮುಖ ಊದಿದಂತೆ ಕಾಣುತ್ತದೆ. ಗಣಿತದ ಅನುಪಾತ ಇಲ್ಲೂ ಇದೆ. ಅಗಲ ಎರಡರಷ್ಟಾದರೆ ಎತ್ತರವೂ ಎರಡರಷ್ಟಾಗಬೇಕು. ಮೊದಲು ‘ಕ್ರಾಪ್’ನಲ್ಲಿ 4:5 ಆರಿಸಿ ಅಂಚು ಕತ್ತರಿಸಿ. ಆಮೇಲೆ ಎತ್ತರದ ಜಾಗದಲ್ಲಿ 3 ಅಂತ ಒತ್ತಿದರೆ ಅಗಲ ತಾನಾಗಿಯೇ 2.4 ಆಗುತ್ತದೆ. ಎಂಟಕ್ಕೂ ಹೀಗೇ ಮಾಡಿ.

ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಅಳತೆಯ ಎಲೆ ಹಾಕುತ್ತೇವಲ್ಲ, ಇದೂ ಹಾಗೇ.

– 7ನೇ ತರಗತಿ ವಿದ್ಯಾರ್ಥಿನಿ