ಈಜು ಬಾರದ ನೀರ ಜೀರುಂಡೆ

ಎಲ್ಮಿಡೇ ಕುಟುಂಬದ ಜೀರುಂಡೆಗಳಿಗೆ ಈಜಲು ಬರುವುದಿಲ್ಲ. ಆದರೂ ಅವು ಬಾಳುವುದು ನೀರಿನೊಳಗೇ, ಅದೂ ಅಬ್ಬಿಯ ಬುಡದಂಥ, ಹಳ್ಳ ನೊರೆಯೆದ್ದು ಓಡುವ ಕಡೆ. ಪಶ್ಚಿಮ ಘಟ್ಟದ ತೊರೆಗಳಲ್ಲೂ ಇವು ಇವೆ. ಹೆಚ್ಚಿನವು ಎಳ್ಳುಕಾಳಿನಷ್ಟೇ ಉದ್ದ. ಕಾಲ ತುದಿಯ ಗಟ್ಟಿ ಉಗುರುಗಳಿಂದ ಕಲ್ಲನ್ನು ಹಿಡಿದುಕೊಂಡು ಪಾಚಿಯನ್ನೂ ಕೊಳೆತ ಎಲೆಯ ಚೂರುಗಳನ್ನೂ ತಿನ್ನುತ್ತವೆ.

ಮುಳುಗಿಯೇ ಇರುವ ಹುಳು ಉಸಿರಾಡುವುದು ಹೇಗೆ? ಕೆರೆಯಲ್ಲಿ ಮುಳುಗಿ ಏಳುವ ದೊಡ್ಡ ಜೀರುಂಡೆಗಳು ರೆಕ್ಕೆಚಿಪ್ಪಿನ ಕೆಳಗೆ ಗಾಳಿ ತುಂಬಿಕೊಂಡು ಇಳಿಯುತ್ತವೆ. ಆ ಗಾಳಿಯ ಸಾರಜನಕ ಮೆಲ್ಲಗೆ ನೀರಿಗೆ ಸೇರಿ ಗುಳ್ಳೆ ಕುಗ್ಗುವುದರಿಂದ ಮತ್ತೆ ಮತ್ತೆ ಮೇಲೆ ಬರಬೇಕು. ಎಲ್ಮಿಡೇ ಜೀರುಂಡೆಯ ಮೈಯಡಿಯಲ್ಲಿ ನೀರು ಹತ್ತದ ಅತಿಸೂಕ್ಷ್ಮ ರೋಮಗಳು ಒತ್ತಾಗಿವೆ. ಅವುಗಳ ನಡುವೆ ನಿಂತ ಗಾಳಿಯ ತೆಳುಪದರ ಕುಗ್ಗುವುದಿಲ್ಲ. ಇದನ್ನು ಪ್ಲಾಸ್ಟ್ರಾನ್ ಎನ್ನುತ್ತಾರೆ. ಹುಳು ಆಮ್ಲಜನಕ ಬಳಸಿದಷ್ಟೂ ಸುತ್ತಲಿನ ನೀರಿನಿಂದ ಅದು ಪದರಕ್ಕೆ ಬಂದು ಸೇರುತ್ತದೆ. ಹಾಗಾಗಿ ಪ್ರಾಯಕ್ಕೆ ಬಂದು ನೀರಿಗಿಳಿದ ಜೀರುಂಡೆ ಉಸಿರಿಗಾಗಿ ಮೇಲೇಳಬೇಕಿಲ್ಲ.

ಆದರೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾದರೆ ಹರಿವು ತಿರುಗುತ್ತದೆ: ಪದರದ ಆಮ್ಲಜನಕವೇ ನೀರಿಗೆ ಹೋಗುತ್ತದೆ. ೨೦ ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರು ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ೩೦ ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಮೇಲಿಂದ ಬಿದ್ದು ಗಾಳಿ ಬೆರೆಸಿಕೊಂಡ, ಕಾಡಿನ ನೆರಳಲ್ಲಿ ತಣ್ಣಗಿರುವ ಅಬ್ಬಿಯ ನೀರು ಈ ಹುಳುವಿಗೆ ಒಗ್ಗುವುದು ಇದಕ್ಕೇ.

ಹೊಳೆ ಊರಿನತ್ತ ಇಳಿದಂತೆ ಈ ಅನುಕೂಲ ಕೈತಪ್ಪಬಹುದು. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶಿವಮೊಗ್ಗವನ್ನೂ ಭದ್ರೆ ಭದ್ರಾವತಿಯನ್ನೂ ಹಾದು ಕೂಡ್ಲಿಯಲ್ಲಿ ಸೇರುತ್ತವೆ. ದಾರಿಯಲ್ಲಿ ಗಾಜನೂರು, ಲಕ್ಕವಳ್ಳಿಯ ಅಣೆಕಟ್ಟೆಗಳಿವೆ. ಹಿನ್ನೀರಲ್ಲಿ ಓಟ ನಿಂತು, ಹೂಳು ಕೂತು, ಕಲ್ಲಿನ ಸಂದುಗಳು ಮುಚ್ಚುತ್ತವೆ. ಚರಂಡಿಯ ಕೊಳೆ ಹೊಳೆಗೆ ಸೇರಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳೇ ಆಮ್ಲಜನಕ ಖಾಲಿಮಾಡುತ್ತವೆ. ಬಟ್ಟೆ ಒಗೆಯುವ ಪುಡಿಯ ನೊರೆಯಂತೂ ನೇರ ಪ್ರಹಾರ. ನೀರಿನ ಮೇಲ್ಮೈ ಎಳೆತವನ್ನು ಅದು ತಗ್ಗಿಸಿದಾಗ ರೋಮಗಳ ನಡುವೆ ನೀರು ನುಗ್ಗುತ್ತದೆ. ನೀರಲ್ಲೇ ಬದುಕುವ ಹುಳು ನೀರಲ್ಲೇ ಮುಳುಗಿ ಸಾಯುತ್ತದೆ.

ಬಾಟಲಿಯಲ್ಲಿ ತುಂಬಿ ತಂದ ನೀರು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳೀತು. ಕಲ್ಲಿಗೆ ಕಚ್ಚಿಕೊಂಡ ಜೀರುಂಡೆ ಹಿಂದಿನ ತಿಂಗಳುಗಳ ಲೆಕ್ಕವನ್ನೂ ಕೊಡುತ್ತದೆ. ಶಿವಮೊಗ್ಗ, ಭದ್ರಾವತಿಯ ಶಾಲೆ ಕಾಲೇಜುಗಳು ಊರಿಗಿಂತ ಮೇಲಿನ ಹಳ್ಳದ ಕಲ್ಲುಗಳನ್ನೂ ಊರು ದಾಟಿದ ಹೊಳೆಯ ಕಲ್ಲುಗಳನ್ನೂ ಬೇಸಿಗೆಯಲ್ಲಿ, ನೀರು ಇಳಿದಿರುವಾಗ, ಭೂತಗನ್ನಡಿ ಹಿಡಿದು ಹೋಲಿಸಿ ನೋಡಬೇಕು. ಕುಡಿಯುವ ನೀರಿಗೆ ಇದೇ ಹೊಳೆಗಳನ್ನು ನಂಬಿದ ನಮಗೆ ಆ ಲೆಕ್ಕ ಬೇಕೇಬೇಕು.